ಏಳು ತಿರುವುಗಳಲ್ಲಿ ಯಾವುದು ಅಪಾಯ? ಉಬ್ಬು ಹಾಕಿಸುವ ಮುನ್ನ ನೋಡಬೇಕಾದ್ದು

ಪ್ರಶ್ನೆ: ನಮ್ಮ ಊರಿನ ಪಕ್ಕ ಹಾದುಹೋಗುವ ಎರಡು ಲೇನಿನ ಹೆದ್ದಾರಿಯಲ್ಲಿ ಆರು ಕಿಲೋಮೀಟರ್ ಒಳಗೆ ಏಳು ತಿರುವುಗಳಿವೆ. ಮಳೆ ಬಂದರೆ ಸಾಕು, ಒಂದಲ್ಲ ಒಂದು ಗಾಡಿ ರಸ್ತೆಯಿಂದ ಆಚೆ ಹೋಗಿರುತ್ತದೆ. ‘ಅಪಾಯಕಾರಿ ತಿರುವು, ನಿಧಾನವಾಗಿ ಚಲಿಸಿ’ ಎಂಬ ಬೋರ್ಡು ಇದೆ, ಪ್ರಯೋಜನವಾಗಿಲ್ಲ. ತಿರುವಿನಲ್ಲೇ ಉಬ್ಬು ಹಾಕಿ, ಮರಗಳನ್ನು ಕಡಿಸಿ, ದೊಡ್ಡ ಕನ್ನಡಿ ನಿಲ್ಲಿಸಿ ಎಂದು ಮನವಿ ಕೊಡೋಣ ಎನ್ನುತ್ತಿದ್ದಾರೆ ಊರವರು. ಇದು ಸರಿಯೇ?

ಉತ್ತರ: ಮನವಿ ಕೊಡುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ಉಬ್ಬಿನ ಬೇಡಿಕೆಯನ್ನು ಇವತ್ತೇ ಹೊಡೆದುಹಾಕಿ. ಮರಗಳ ಮಾತು ಅರ್ಧ ಸರಿ. ಕನ್ನಡಿಯ ವಿಷಯ ಕೊನೆಗೆ ಬರೆಯುತ್ತೇನೆ. ಆದರೆ ನನಗೆ ಬೇಕಾಗಿದ್ದ ಒಂದು ಮಾತು ನಿಮ್ಮ ಪತ್ರದಲ್ಲಿಲ್ಲ. ಏಳರಲ್ಲಿ ಗಾಡಿಗಳು ಹೊರಗೆ ಹೋಗುವುದು ಯಾವ ತಿರುವಿನಲ್ಲಿ? ಏಳರಲ್ಲೂ ಸಮನಾಗಿ ಹೋಗುತ್ತಿರಲಾರವು.

ಇದನ್ನು ಕೇಳಲು ಕಾರಣವಿದೆ. ನೋಡಿದರೇ ಎದೆ ಝಲ್ಲೆನ್ನುವಷ್ಟು ಕಡಿದಾದ ತಿರುವಿನಲ್ಲಿ ಎಷ್ಟೋ ಸಲ ವರ್ಷಗಟ್ಟಲೆ ಏನೂ ಆಗಿರುವುದಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಚಾಲಕ ಎರಡು ಮೂರು ತಿರುವು ದಾಟಿ ಹದಕ್ಕೆ ಬಂದಿರುತ್ತಾನೆ. ಗಾಡಿ ಬೀಳುವುದು ಉದ್ದನೆಯ ನೇರ ರಸ್ತೆಯ ಕೊನೆಗೆ ಬರುವ ಸಾಧಾರಣ ತಿರುವಿನಲ್ಲಿ, ಇಲ್ಲವೇ ಏರು ಹತ್ತಿ ಇಳಿಯುವಾಗ ದಿಣ್ಣೆಯ ಹಿಂದೆ ಅಡಗಿರುವ ತಿರುವಿನಲ್ಲಿ. ತಿರುವಿಗಿಂತ ಹೆಚ್ಚಾಗಿ ಕೊಲ್ಲುವುದು ಅದು ತರುವ ಅಚ್ಚರಿ. ರಸ್ತೆ ವಿನ್ಯಾಸ ಕ್ಷೇತ್ರದ ರೂಡಿಗರ್ ಲಾಮ್ ಮತ್ತು ಸಂಗಡಿಗರು ಇದಕ್ಕೆ ಒಂದು ಸರಳ ಅಳತೆಗೋಲು ಕೊಟ್ಟಿದ್ದಾರೆ. ನೂರು ವಾಹನಗಳಲ್ಲಿ ಎಂಬತ್ತೈದು ಯಾವ ವೇಗವನ್ನು ದಾಟುವುದಿಲ್ಲವೋ ಆ ವೇಗವನ್ನು ನೇರ ರಸ್ತೆಯಲ್ಲಿ ಒಮ್ಮೆ, ತಿರುವಿನಲ್ಲಿ ಒಮ್ಮೆ ಅಳೆಯಬೇಕು. ವ್ಯತ್ಯಾಸ ಗಂಟೆಗೆ 10 ಕಿ.ಮೀ. ಒಳಗಿದ್ದರೆ ವಿನ್ಯಾಸ ಚೆನ್ನಾಗಿದೆ, 20 ದಾಟಿದರೆ ಕೆಟ್ಟದ್ದು. ಅಮೆರಿಕದ ಲೆಕ್ಕದಲ್ಲಿ ತಿರುವುಗಳ ಅಪಘಾತ ದರ ರಸ್ತೆಯ ಉಳಿದ ಭಾಗದ ಸುಮಾರು ಮೂರು ಪಟ್ಟು. ಅಲ್ಲಿ ಸಾವು ತರುವ ಅಪಘಾತಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ತಿರುವುಗಳಿಗೆ ಸಂಬಂಧಿಸಿದವು, ಅವುಗಳಲ್ಲೂ ಬಹುಪಾಲು ಗಾಡಿ ತನ್ನ ಲೇನು ಬಿಟ್ಟು ಹೋಗಿ ಆದವು.

ಆದ್ದರಿಂದ ಮೊದಲ ಕೆಲಸ ಕಾಲ್ನಡಿಗೆ. ಹಗಲು ಹೊತ್ತಿನಲ್ಲಿ, ಇಬ್ಬರು ಮೂವರು, ಎದ್ದು ಕಾಣುವ ಬಟ್ಟೆ ಹಾಕಿಕೊಂಡು, ಡಾಂಬರಿನ ಮೇಲೆ ಕಾಲಿಡದೆ ಆರು ಕಿಲೋಮೀಟರನ್ನೂ ನಡೆಯಿರಿ. ಒಡೆದ ಹೆಡ್‌ಲೈಟಿನ ಗಾಜು, ಇಂಡಿಕೇಟರಿನ ಪ್ಲಾಸ್ಟಿಕ್ ಚೂರು, ಮರದ ತೊಗಟೆ ಕಿತ್ತ ಗಾಯ, ಬಾಗಿದ ಕಂಬ, ಹುಲ್ಲಿನ ಮೇಲೆ ಹಾದುಹೋದ ಚಕ್ರದ ಗೀರು ಎಲ್ಲೆಲ್ಲಿ ಕಾಣುತ್ತವೆ ಎಂದು ಗುರುತು ಹಾಕಿ. ಪೊಲೀಸ್ ದಾಖಲೆಗೆ ಹೋಗದ ಎಷ್ಟೋ ಸಂಗತಿ ಈ ಚೂರುಗಳಲ್ಲಿ ಇರುತ್ತದೆ. ಗುರುತುಗಳೆಲ್ಲ ತಿರುವಿನ ಬಾಯಲ್ಲೇ ಹೊರಬದಿಗೆ ಇದ್ದರೆ ಚಾಲಕನಿಗೆ ತಿರುವು ತಡವಾಗಿ ಕಂಡಿದೆ. ಮಧ್ಯ ದಾಟಿದ ಮೇಲೆ ಇದ್ದರೆ ಒಂದೋ ರಸ್ತೆ ಜಾರುತ್ತಿದೆ, ಅಥವಾ ತಿರುವು ಹೋಗುತ್ತ ಹೋಗುತ್ತ ಇನ್ನಷ್ಟು ಕಡಿದಾಗುತ್ತಿದೆ. ಒಳಬದಿಗೂ ಗುರುತುಗಳಿದ್ದರೆ ರಸ್ತೆ ಅಂಚನ್ನು ನೋಡಿ, ಆ ಮಾತು ಮುಂದೆ ಬರುತ್ತದೆ.

ಹಾಗೆ ನಡೆಯುವಾಗ ತಿರುವಿನ ಅಳತೆಯನ್ನೂ ತೆಗೆದುಕೊಳ್ಳಬಹುದು. 20 ಮೀಟರ್ ಹಗ್ಗ ಸಾಕು. ತಿರುವಿನ ಒಳ ಅಂಚಿನಲ್ಲಿ ಎರಡು ಕಡೆ ಇಬ್ಬರು ಹಗ್ಗವನ್ನು ಬಿಗಿಯಾಗಿ ಹಿಡಿಯಿರಿ. ಒಳ ಅಂಚಿನಲ್ಲೇ ಯಾಕೆಂದರೆ ಹಗ್ಗ ರಸ್ತೆಯ ಮೇಲೆ ಬರದೆ ಮಣ್ಣಿನ ಕಡೆಗೇ ಬೀಳುತ್ತದೆ. ಹಗ್ಗದ ಸರಿ ಮಧ್ಯದಿಂದ ಡಾಂಬರಿನ ಅಂಚಿಗೆ ಎಷ್ಟು ದೂರ ಎಂದು ಅಳೆಯಿರಿ. 25 ಸೆಂಟಿಮೀಟರ್ ಬಂದರೆ ತಿರುವಿನ ತ್ರಿಜ್ಯ ಸುಮಾರು 200 ಮೀಟರ್, 50 ಬಂದರೆ 100, ಒಂದು ಮೀಟರ್ ಬಂದರೆ 50. ಒಂದೇ ತಿರುವಿನಲ್ಲಿ ಮೂರು ನಾಲ್ಕು ಕಡೆ ಅಳೆದಾಗ ಅಂಕಿಗಳು ಬೇರೆ ಬೇರೆ ಬಂದರೆ ಅದು ಮಧ್ಯದಲ್ಲಿ ಮೋಸ ಮಾಡುವ ತಿರುವು. ಇಂಜಿನಿಯರ್ ಮುಂದೆ ಕೂತಾಗ ಈ ಒಂದು ಹಾಳೆ ನಿಮ್ಮ ಕೈಯಲ್ಲಿದ್ದರೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಇದು ನನ್ನ ಅನುಭವದ ಮಾತು.

ಈಗ 100 ಮೀಟರ್ ತ್ರಿಜ್ಯದ ತಿರುವನ್ನೇ ತೆಗೆದುಕೊಳ್ಳೋಣ. ವೇಗದ ವರ್ಗವನ್ನು ತ್ರಿಜ್ಯದಿಂದಲೂ 127ರಿಂದಲೂ ಭಾಗಿಸಿದರೆ ಗಾಡಿಯನ್ನು ಹೊರಕ್ಕೆ ತಳ್ಳುವ ಬಲ ಅದರ ತೂಕದ ಎಷ್ಟು ಭಾಗ ಎಂದು ಗೊತ್ತಾಗುತ್ತದೆ. 60 ಕಿ.ಮೀ. ವೇಗಕ್ಕೆ ಅದು 0.28. ಈ ಹೊರೆಯನ್ನು ಹೊರುವವರು ಇಬ್ಬರೇ. ಒಂದು, ತಿರುವಿನ ಹೊರಬದಿಯನ್ನು ಎತ್ತರಿಸಿ ರಸ್ತೆಗೆ ಕೊಟ್ಟಿರುವ ಓರೆ. ಇನ್ನೊಂದು, ಟೈರಿನ ಹಿಡಿತ. ಓರೆ ಶೇ. 7 ಇದ್ದರೆ ಟೈರಿನ ಪಾಲಿಗೆ ಬರುವುದು 0.21. ಒಣ ರಸ್ತೆಯಲ್ಲಿ ಇದು ಏನೂ ಅಲ್ಲ. 70ಕ್ಕೆ ಹೋದರೆ ಟೈರಿನ ಪಾಲು 0.32, 80ಕ್ಕೆ 0.43. ಸವೆದು ನುಣುಪಾದ ಒದ್ದೆ ಡಾಂಬರಿನ ಮೇಲೆ ಬೋಳು ಟೈರಿನ ಹಿಡಿತ 0.3ಕ್ಕಿಂತ ಕೆಳಗೂ ಇಳಿಯಬಹುದು. ವೇಗ ಹೆಚ್ಚಿದ್ದು ಬರೀ 20 ಕಿ.ಮೀ., ಟೈರಿನ ಮೇಲಿನ ಹೊರೆ ಎರಡರಷ್ಟು. ಮಳೆಯಲ್ಲೇ ಯಾಕೆ ಆಗುತ್ತದೆ ಎಂಬುದು ಇಲ್ಲೇ ಇದೆ.

ತುಂಬಿದ ಲಾರಿಯ ಕಥೆ ಬೇರೆ. ಭಾರ ಎತ್ತರದಲ್ಲಿರುವ ಲಾರಿ ಅಥವಾ ಟ್ಯಾಂಕರ್, ಟೈರಿನ ಪಾಲು 0.35ರಿಂದ 0.4ರ ಸುಮಾರಿಗೆ ಬಂದಾಗ, ಎಷ್ಟೋ ಸಲ ಜಾರುವ ಮುಂಚೆಯೇ, ಮಗುಚಿಕೊಳ್ಳುತ್ತದೆ. ನಮ್ಮ ಲೆಕ್ಕದ ತಿರುವಿನಲ್ಲಿ ಆ ಹಂತ 75 ಕಿ.ಮೀ.ಗೇ ಬಂದುಬಿಡುತ್ತದೆ. ಅರ್ಧ ತುಂಬಿದ ಟ್ಯಾಂಕರಿನಲ್ಲಿ ದ್ರವ ಒಂದು ಬದಿಗೆ ನುಗ್ಗುವುದರಿಂದ ಇನ್ನೂ ಮುಂಚೆ. ನಿಮ್ಮ ರಸ್ತೆಯಲ್ಲಿ ಮಗುಚಿದ್ದು ಲಾರಿಗಳೋ ಜಾರಿದ್ದು ಕಾರು, ಬೈಕುಗಳೋ ಎಂಬುದನ್ನು ಬೇರೆ ಬೇರೆಯಾಗಿ ಬರೆದಿಡಿ. ಮದ್ದು ಎರಡಕ್ಕೂ ಒಂದೇ ಅಲ್ಲ.

ಓರೆಯ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ಹಳೆಯ ರಸ್ತೆಗಳಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ. ಕಟ್ಟಿದಾಗ ಓರೆ ಸರಿಯಾಗಿಯೇ ಇರುತ್ತದೆ. ಆಮೇಲೆ ಐದಾರು ವರ್ಷಕ್ಕೊಮ್ಮೆ ಮೇಲೆ ಮೇಲೆ ಡಾಂಬರು ಹಾಸುತ್ತ ಹೋದಂತೆ ಹೊರಬದಿಯ ಎತ್ತರ ಕರಗಿ, ನೇರ ರಸ್ತೆಯ ಹಾಗೆ ನಡುವೆ ಉಬ್ಬಿ ಎರಡೂ ಕಡೆ ಇಳಿಜಾರಾಗಿಬಿಡುತ್ತದೆ. ಆಗ ಹೊರ ಲೇನಿನ ಗಾಡಿಗೆ ರಸ್ತೆ ಆಸರೆಯಾಗುವ ಬದಲು ಆಚೆಗೇ ತಳ್ಳುತ್ತದೆ. ಅದೇ ತಿರುವು, ಅದೇ 60 ಕಿ.ಮೀ. ವೇಗ, ಓರೆ ಮಾತ್ರ ಶೇ. 2.5 ಉಲ್ಟಾ ಆಗಿದ್ದರೆ ಟೈರಿನ ಪಾಲು 0.21ರಿಂದ 0.31ಕ್ಕೆ ಏರುತ್ತದೆ. ಚಾಲಕ ಏನೂ ತಪ್ಪು ಮಾಡದೆಯೇ 70ರಲ್ಲಿ ಹೋದವನಷ್ಟು ಅಪಾಯಕ್ಕೆ ಸಿಕ್ಕಿಕೊಳ್ಳುತ್ತಾನೆ. ಮಳೆ ಬರುವಾಗ ದೂರ ನಿಂತು ನೀರು ಯಾವ ಕಡೆ ಹರಿಯುತ್ತದೆ ನೋಡಿದರೆ ಸಾಕು, ಇದು ಗೊತ್ತಾಗಿಬಿಡುತ್ತದೆ. ತಿರುವಿನಲ್ಲಿ ನೀರೆಲ್ಲ ಒಳಬದಿಗೇ ಬರಬೇಕು. ಹೊರಬದಿಗೂ ಇಳಿಯುತ್ತಿದ್ದರೆ ನಿಮ್ಮ ಮನವಿಯ ಮೊದಲ ಸಾಲು ಸಿಕ್ಕಿತು.

ಮಳೆಯಲ್ಲಿ ನೋಡಬೇಕಾದ ಇನ್ನೊಂದು ಜಾಗ ತಿರುವು ಶುರುವಾಗುವ ಕಡೆ. ನೇರ ರಸ್ತೆಯ ಎರಡು ಬದಿಯ ಇಳಿಜಾರು ತಿರುವಿನ ಒಂದೇ ಬದಿಯ ಓರೆಗೆ ಬದಲಾಗುವಾಗ ನಡುವೆ ಎಲ್ಲೋ ಹೊರ ಲೇನು ಪೂರ್ತಿ ಚಪ್ಪಟೆಯಾಗಬೇಕು, ಬೇರೆ ದಾರಿಯಿಲ್ಲ. ರಸ್ತೆಯ ಉದ್ದಕ್ಕೂ ಇಳಿಜಾರು ಇಲ್ಲದಿದ್ದರೆ ನೀರು ಅಲ್ಲೇ ನಿಲ್ಲುತ್ತದೆ. ಸ್ಟಿಯರಿಂಗ್ ತಿರುಗಿಸಲು ಶುರುಮಾಡುವ ಹೊತ್ತಿಗೇ ಚಕ್ರದಡಿ ನೀರು. ಬದಿಯ ಮಣ್ಣನ್ನು ಕೆತ್ತಿ ನೀರಿಗೆ ದಾರಿ ಬಿಟ್ಟರೆ ಎಷ್ಟೋ ಕಡೆ ಒಂದು ದಿನದಲ್ಲಿ ಮುಗಿಯುವ ಕೆಲಸ ಇದು.

ಉಬ್ಬು ಯಾಕೆ ಬೇಡ ಎಂದೆ? ಟೈರಿನ ಹಿಡಿತ ಒಂದೇ ಗಂಟಿನ ದುಡ್ಡು ಇದ್ದ ಹಾಗೆ. ತಿರುಗುವುದಕ್ಕೂ ಬ್ರೇಕಿಗೂ ಅದರಿಂದಲೇ ತೆಗೆಯಬೇಕು. ಒದ್ದೆ ರಸ್ತೆಯಲ್ಲಿ ಹಿಡಿತ 0.35 ಇದೆ ಎಂದುಕೊಳ್ಳಿ. ನಮ್ಮ ತಿರುವಿನಲ್ಲಿ 60ರಲ್ಲಿ ಹೋಗುವವನಿಗೆ ತಿರುಗಲು 0.21 ಖರ್ಚಾದರೂ ಬ್ರೇಕಿಗೆ 0.28 ಉಳಿಯುತ್ತದೆ. (ಎರಡು ಬಲಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ಇದು ಬರೀ ಕಳೆಯುವ ಲೆಕ್ಕವಲ್ಲ, ವರ್ಗಗಳ ಲೆಕ್ಕ.) 70ರಲ್ಲಿ ಬಂದವನಿಗೆ ಉಳಿಯುವುದು 0.15, ಹೆಚ್ಚುಕಡಿಮೆ ಅರ್ಧ. ಬೇಗ ಬಂದವನಿಗೇ ಹೆಚ್ಚು ಬ್ರೇಕ್ ಬೇಕು, ಅವನ ಗಂಟಿನಲ್ಲೇ ಕಡಿಮೆ ಇರುವುದು. ಅಂಥವನ ಎದುರು ತಿರುವಿನ ನಡುವೆ ಉಬ್ಬು ಕಾಣಿಸಿದರೆ ಗಾಬರಿಯಿಂದ ಬ್ರೇಕ್ ಒತ್ತುತ್ತಾನೆ, ಚಕ್ರ ಕಚ್ಚಿಕೊಳ್ಳುತ್ತದೆ, ಗಾಡಿ ನೆಟ್ಟಗೆ ಹೊರಬದಿಗೆ ಹೋಗುತ್ತದೆ. ಬೈಕಿನವನಾದರೆ ವಾಲಿಕೊಂಡಿರುವಾಗಲೇ ಉಬ್ಬಿಗೆ ಏರಿ ನೆಲಕ್ಕೆ. ವೇಗ ಇಳಿಯಬೇಕಾದ್ದು ತಿರುವಿಗೆ ಮುಂಚೆ, ನೇರ ರಸ್ತೆಯಲ್ಲಿ. ಅಲ್ಲೂ ಹೆದ್ದಾರಿಯಲ್ಲಿ ಉಬ್ಬು ಬೇಡ. ರಸ್ತೆಗೆ ಅಡ್ಡಡ್ಡ ಬಿಳಿ ಪಟ್ಟೆಗಳನ್ನು, ಹತ್ತಿರ ಬಂದಂತೆ ಅಂತರ ಕಡಿಮೆಯಾಗುವ ಹಾಗೆ ಬಳಿದರೆ ಕಾಲು ತಾನಾಗಿ ಆಕ್ಸಿಲರೇಟರ್ ಬಿಡುತ್ತದೆ. ಮಿತಿ ಮೀರಿ ಬಂದ ಗಾಡಿಗೆ ಮಾತ್ರ ಹೊತ್ತಿ ಉರಿಯುವ ಎಲೆಕ್ಟ್ರಾನಿಕ್ ಫಲಕಗಳೂ ಇವೆ. ತನಗೇ ಹೇಳುತ್ತಿದೆ ಎಂದು ಗೊತ್ತಾದಾಗ ಮನುಷ್ಯ ಕೇಳುತ್ತಾನೆ.

ಈಗಿರುವ ಬೋರ್ಡಿನ ವಿಷಯ. ‘ಅಪಾಯಕಾರಿ ತಿರುವು’ ಎಂದಷ್ಟೇ ಬರೆದರೆ ತಿರುವು ಯಾವ ಕಡೆಗೆ, ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿ ಹೋಗಬೇಕು ಎಂಬ ಮೂರರಲ್ಲಿ ಒಂದನ್ನೂ ಹೇಳಿದಂತಾಗಲಿಲ್ಲ. ಬಾಣದ ಗುರುತಿರುವ ಎಚ್ಚರಿಕೆ ಫಲಕ, ಅದರ ಕೆಳಗೆ ಸಲಹಾ ವೇಗದ ಅಂಕಿ ಬೇಕು. 80ರಲ್ಲಿ ಬರುವವನು ಓದಿ, ಯೋಚಿಸಿ, ಮೆತ್ತಗೆ ಬ್ರೇಕ್ ಹಿಡಿದು 50ಕ್ಕೆ ಇಳಿಯಲು ಸುಮಾರು 130 ಮೀಟರ್ ಹಿಡಿಯುತ್ತದೆ. ಫಲಕ ಕನಿಷ್ಠ ಅಷ್ಟು ಮುಂಚೆ ಇರಬೇಕು. ಸಲಹಾ ವೇಗವನ್ನು ಮೇಜಿನ ಮುಂದೆ ಕೂತು ಬರೆಯಬಾರದು. ಬಾಗಿದ ಗಾಜಿನ ಕೊಳವೆಯೊಳಗೆ ಉಕ್ಕಿನ ಗುಂಡು ಇರುವ ಒಂದು ಪುಟ್ಟ ಉಪಕರಣವನ್ನು ಕಾರಿನಲ್ಲಿಟ್ಟುಕೊಂಡು, ಬೇರೆ ಬೇರೆ ವೇಗದಲ್ಲಿ ತಿರುವು ದಾಟಿ, ಗುಂಡು ಎಷ್ಟು ಡಿಗ್ರಿ ಸರಿಯಿತು ಎಂದು ನೋಡಿ ನಿಗದಿ ಮಾಡುವ ಪದ್ಧತಿ ಬಹಳ ಹಳೆಯದು. ಗಂಟೆಗೆ 55 ಕಿ.ಮೀ. ದಾಟಿದ ವೇಗಗಳಿಗೆ ಅಮೆರಿಕದವರು ಇಟ್ಟುಕೊಂಡ ಮಿತಿ 12 ಡಿಗ್ರಿ. ಎಲ್ಲ ತಿರುವಿಗೂ ಕಣ್ಣುಮುಚ್ಚಿ 20 ಎಂದು ಬರೆದರೆ ಒಂದೆರಡನ್ನು 50ರಲ್ಲಿ ಆರಾಮಾಗಿ ದಾಟಿದವನು ಮೂರನೆಯದನ್ನು ನಂಬುವುದಿಲ್ಲ. ಆ ಮೂರನೆಯದೇ ನಿಜವಾದದ್ದಾಗಿರುತ್ತದೆ.

ಒಂದು ರಾತ್ರಿಯ ಸಂಗತಿ ಹೇಳಬೇಕು. ಒಂದು ತಿರುವಿನಲ್ಲಿ ಹಗಲು ನಾಲ್ಕು ಸಲ ಓಡಾಡಿದರೂ ನನಗೆ ದೋಷ ಕಂಡಿರಲಿಲ್ಲ. ಆದರೂ ಗಾಡಿಗಳು ಹೋಗುತ್ತಿದ್ದವು, ಅದೂ ರಾತ್ರಿಯೇ. ಕತ್ತಲಾದ ಮೇಲೆ ಕಾರಿನಲ್ಲಿ ಕೂತು ಬಂದಾಗ ಅರ್ಥವಾಯಿತು. ರಸ್ತೆ ಪಕ್ಕದ ವಿದ್ಯುತ್ ಕಂಬಗಳ ಸಾಲು ರಸ್ತೆಯ ಜೊತೆ ತಿರುಗದೆ ಹೊಲದ ಮೇಲೆ ನೆಟ್ಟಗೆ ಹೋಗಿತ್ತು. ಹೆಡ್‌ಲೈಟಿಗೆ ಕಂಬಗಳು ಒಂದರ ಹಿಂದೊಂದು ಹೊಳೆದು ‘ರಸ್ತೆ ಹೀಗೇ ಮುಂದಕ್ಕಿದೆ’ ಎಂದು ಸುಳ್ಳು ಹೇಳುತ್ತಿದ್ದವು. ಡಾಂಬರು ಮಾತ್ರ ಪಕ್ಕಕ್ಕೆ ಹೊರಳಿತ್ತು. ಮರದ ಸಾಲುಗಳೂ ಹೀಗೆ ಮೋಸ ಮಾಡುತ್ತವೆ. ಇದಕ್ಕೆ ಮದ್ದು ಹೊರಬದಿಯಲ್ಲಿ ಷೆವ್ರಾನ್ ಫಲಕಗಳು, ಅಂದರೆ ದಪ್ಪ ಬಾಣದ ತಲೆಯಂಥ ಹೊಳೆಯುವ ಗುರುತುಗಳು. ತಿರುವಿನ ಉದ್ದಕ್ಕೂ ಯಾವಾಗ ನೋಡಿದರೂ ಕನಿಷ್ಠ ಎರಡು ಕಣ್ಣಿಗೆ ಬೀಳುವ ಹಾಗೆ ಇರಬೇಕು. ಒಂದೇ ಇದ್ದರೆ ತಿರುವಿದೆ ಎಂದಷ್ಟೇ ತಿಳಿಯುತ್ತದೆ, ಎರಡು ಮೂರು ಸಾಲಾಗಿ ಕಂಡರೆ ಎಷ್ಟು ಕಡಿದು ಎಂಬುದು ಕಣ್ಣಿಗೇ ಗೊತ್ತಾಗುತ್ತದೆ. ಜೊತೆಗೆ ಅಂಚಿನ ಬಿಳಿ ಗೆರೆ, ನಡುಗೆರೆಯ ಮೇಲೆ ರಿಫ್ಲೆಕ್ಟರ್‌ಗಳು. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನ ಪರ್ಸಿ ಶಾ 1934ರಲ್ಲಿ ಪೇಟೆಂಟ್ ಪಡೆದ ‘ಬೆಕ್ಕಿನ ಕಣ್ಣು’ ಇವುಗಳ ಪೂರ್ವಜ. ಖರ್ಚು ಕಡಿಮೆ, ಫಲ ಬೇಗ. ನಿಮ್ಮ ಮನವಿಯಲ್ಲಿ ಇವು ಮೇಲ್ಭಾಗದಲ್ಲಿರಲಿ.

ಈಗ ರಸ್ತೆ ಅಂಚು. ಹೊಸ ಡಾಂಬರು ಹಾಕಿ ಬದಿಗೆ ಮಣ್ಣು ತುಂಬದೆ ಬಿಟ್ಟರೆ, ಅಥವಾ ಮಳೆಗೆ ಮಣ್ಣು ಕೊಚ್ಚಿಹೋದರೆ, ಅಂಚಿನಲ್ಲಿ ಹತ್ತು ಸೆಂಟಿಮೀಟರಿನ ಮೆಟ್ಟಿಲು ನಿಲ್ಲುತ್ತದೆ. ಒಳಬದಿಯ ಚಕ್ರ ಅಲ್ಲಿಂದ ಜಾರಿದಾಗ ಚಾಲಕ ಮೇಲೆ ಹತ್ತಿಸಲು ಸ್ಟಿಯರಿಂಗ್ ಎಳೆಯುತ್ತಾನೆ. ಟೈರಿನ ಪಕ್ಕ ಮೆಟ್ಟಿಲಿಗೆ ಉಜ್ಜುತ್ತ ಹತ್ತುವುದಿಲ್ಲ. ಇನ್ನಷ್ಟು ಎಳೆಯುತ್ತಾನೆ. ಆಗ ಒಮ್ಮೆಲೇ ಹತ್ತಿ, ಎಳೆದಿದ್ದ ಅಷ್ಟೂ ಸ್ಟಿಯರಿಂಗ್ ಒಟ್ಟಿಗೆ ಕೆಲಸ ಮಾಡಿ ಗಾಡಿ ಎದುರು ಲೇನಿಗೆ ಚಿಮ್ಮುತ್ತದೆ. ‘ಕಾರಣವಿಲ್ಲದೆ ಎದುರು ಗಾಡಿಗೆ ನುಗ್ಗಿದ’ ಎಂದು ಬರೆದ ವರದಿಗಳಲ್ಲಿ ಕೆಲವಕ್ಕಾದರೂ ಕಾರಣ ಈ ಮೆಟ್ಟಿಲು. ಡಾಂಬರು ಹಾಕುವಾಗಲೇ ಅಂಚನ್ನು ಸುಮಾರು 30 ಡಿಗ್ರಿ ಇಳಿಜಾರಾಗಿ ಒತ್ತಿಬಿಟ್ಟರೆ ಚಕ್ರ ಮೆತ್ತಗೆ ವಾಪಸು ಹತ್ತುತ್ತದೆ. ಬದಿಗೆ ಜಲ್ಲಿ ಮಣ್ಣು ತುಂಬಿ ಗಟ್ಟಿ ಮಾಡುವುದಂತೂ ಮಾಮೂಲಿ ನಿರ್ವಹಣೆ, ಅದಕ್ಕೆ ಮನವಿಯೇ ಬೇಕಾಗಬಾರದು.

ತೂಕಡಿಸುವವರಿಗೆ, ಫೋನು ನೋಡುವವರಿಗೆ ನಡುಗೆರೆಯ ಮೇಲೆ ರಂಬಲ್ ಸ್ಟ್ರಿಪ್, ಅಂದರೆ ಚಕ್ರ ಹತ್ತಿದರೆ ಗುರ್ರೆಂದು ನಡುಗಿಸುವ ಸಣ್ಣ ಕಚ್ಚುಗಳು. ಅಮೆರಿಕದ ಎರಡು ಲೇನಿನ ಗ್ರಾಮೀಣ ರಸ್ತೆಗಳಲ್ಲಿ ಇದರಿಂದ ಗಾಯ, ಸಾವು ತರುವ ಮುಖಾಮುಖಿ ಡಿಕ್ಕಿ ಮತ್ತು ಎದುರು ಗಾಡಿಗೆ ಸವರಿಕೊಂಡು ಹೋಗುವ ಅಪಘಾತಗಳು ಶೇ. 44ರಷ್ಟು ಇಳಿದಿವೆ. ಮನೆಗಳ ಹತ್ತಿರ ಸದ್ದಿನ ಕಿರಿಕಿರಿ ಆಗುತ್ತದೆ, ಅದನ್ನು ಮುಂಚೆಯೇ ಊರಲ್ಲಿ ಮಾತಾಡಿಕೊಳ್ಳಿ.

ಮರಗಳು. ಒಳಬದಿಯವು ನೋಟ ಮುಚ್ಚುತ್ತವೆ, ಹೊರಬದಿಯವು ಹೊಡೆತ ಕೊಡುತ್ತವೆ. ಎರಡನ್ನೂ ಒಂದೇ ಕೊಡಲಿಯಿಂದ ನೋಡಬೇಡಿ. 60ರಲ್ಲಿ ಹೋಗುವವನಿಗೆ ನಿಲ್ಲಲು 80 ಮೀಟರಿಗೂ ಸ್ವಲ್ಪ ಹೆಚ್ಚು ಬೇಕು. 100 ಮೀಟರ್ ತ್ರಿಜ್ಯದ ತಿರುವಿನಲ್ಲಿ ಅಷ್ಟು ದೂರ ಕಾಣಬೇಕಾದರೆ ಒಳ ಲೇನಿನ ನಡುವಿನಿಂದ ಎಂಟೂವರೆ ಮೀಟರ್ ತನಕ ಅಡ್ಡಿ ಇರಬಾರದು, ಅಂದರೆ ಡಾಂಬರಿನ ಅಂಚಿನಿಂದ ಆರೂವರೆ ಮೀಟರ್ ಚಿಲ್ಲರೆ. ಅಷ್ಟರೊಳಗೆ ಸಾಮಾನ್ಯವಾಗಿ ತೊಂದರೆ ಕೊಡುವುದು ಪೊದೆ, ಬೇಲಿ, ಜಾಹೀರಾತು ಫಲಕ, ಕಟ್ಟಿದ ದಿಬ್ಬ. ಎತ್ತರದ ಮರದ ಬರಿಯ ಕಾಂಡ ಅಷ್ಟೇನೂ ಮುಚ್ಚುವುದಿಲ್ಲ. ಪೊದೆ ಸವರಿ, ಕೆಳಗಿನ ಕೊಂಬೆ ತೆಗೆದರೆ ಬಹಳ ಕಡೆ ಸಾಕು. ಹೊರಬದಿಯಲ್ಲಿ, ಗಾಡಿಗಳು ನಿಜಕ್ಕೂ ಹೋಗಿ ಬೀಳುವ ಜಾಗದಲ್ಲಿ ನಿಂತ ಒಂದೆರಡು ಮರಗಳ ಬಗ್ಗೆ ಮಾತ್ರ ಗಂಭೀರವಾಗಿ ಯೋಚಿಸಿ. ನೀವು ಹುಡುಕಿದ ಗಾಜಿನ ಚೂರುಗಳೇ ಆ ಮರ ಯಾವುದು ಎಂದು ಹೇಳುತ್ತವೆ.

ಕ್ರ್ಯಾಷ್ ಬ್ಯಾರಿಯರ್ ಕೇಳುವ ಆಸೆಯೂ ಬರುತ್ತದೆ. ಹೊರಬದಿಗೆ ಆಳ ಕಣಿವೆಯೋ ಕೆರೆಯೋ ಇದ್ದರೆ ಖಂಡಿತ ಬೇಕು. ಸಪಾಟು ಹೊಲ ಇದ್ದರೆ ಬೇಡ, ಯಾಕೆಂದರೆ ಬ್ಯಾರಿಯರ್ ಕೂಡ ಹೊಡೆಯುವ ವಸ್ತುವೇ. ಹಾಕಿಸಿದರೆ ಅದರ ತುದಿ ನೋಡಿ. ಕತ್ತರಿಸಿ ಹಾಗೇ ಬಿಟ್ಟ ಉಕ್ಕಿನ ತುದಿ ಈಟಿಯ ಹಾಗೆ ಕಾರಿನೊಳಗೆ ನುಗ್ಗುತ್ತದೆ. ಸಾಲಾಗಿ ಹುಗಿದ ಸುಣ್ಣ ಬಳಿದ ಕಲ್ಲುಗಳು ದಾರಿ ತೋರಿಸುತ್ತವೆ ಅಷ್ಟೆ, ಲಾರಿಯನ್ನು ತಡೆಯುವುದಿಲ್ಲ.

ಇಷ್ಟಾದ ಮೇಲೂ ಮಳೆಯಲ್ಲಿ ಜಾರುವುದು ನಿಲ್ಲದಿದ್ದರೆ ರಸ್ತೆಯ ಮೈಯನ್ನೇ ಒರಟು ಮಾಡಬೇಕು. ಸುಟ್ಟ ಬಾಕ್ಸೈಟಿನ ಗಟ್ಟಿ ಹರಳುಗಳನ್ನು ಎಪಾಕ್ಸಿ ಅಂಟಿನಿಂದ ಕೂರಿಸುವ ವಿಧಾನವಿದೆ. ಅಮೆರಿಕದ ಫೆಡರಲ್ ಹೈವೇ ಆಡಳಿತದ ಅಧ್ಯಯನದಲ್ಲಿ ತಿರುವುಗಳಲ್ಲಿನ ಒದ್ದೆ ರಸ್ತೆ ಅಪಘಾತ ಇದರಿಂದ ಶೇ. 80ಕ್ಕೂ ಹೆಚ್ಚು ಇಳಿದಿತ್ತು. ದುಬಾರಿ ಕೆಲಸ. ಆದರೆ ಬೇಕಾಗುವುದು ಇಡೀ ಆರು ಕಿಲೋಮೀಟರಿಗಲ್ಲ, ಒಂದು ತಿರುವಿನ ನೂರಿನ್ನೂರು ಮೀಟರಿಗೆ. ಓರೆ ಉಲ್ಟಾ ಇರುವಾಗ ಮಾತ್ರ ಇದನ್ನು ಮೊದಲು ಮಾಡಬೇಡಿ, ಓರೆ ಸರಿಪಡಿಸಿ ಆಮೇಲೆ ನೋಡಿ.

‘ತಿರುವನ್ನೇ ನೇರ ಮಾಡಿ’ ಎಂದು ಯಾರಾದರೂ ಎದ್ದು ನಿಂತು ಹೇಳುತ್ತಾರೆ. ಏಳರಲ್ಲಿ ಮೂರನೆಯದನ್ನು ನೇರ ಮಾಡಿದರೆ ಗಾಡಿಗಳು ನಾಲ್ಕನೆಯದಕ್ಕೆ ಇನ್ನೂ 20 ಕಿ.ಮೀ. ಜಾಸ್ತಿ ವೇಗದಲ್ಲಿ ಬರುತ್ತವೆ. ಅಪಘಾತ ಅರ್ಧ ಕಿಲೋಮೀಟರ್ ಮುಂದೆ ಹೋಗುತ್ತದೆ, ಕಡಿಮೆಯಾಗುವುದಿಲ್ಲ. ಮಾಡುವುದಾದರೆ ಏಳನ್ನೂ ಒಟ್ಟಿಗೆ ನೋಡಿ ಮಾಡಬೇಕು.

ಕೆಲಸ ಆದ ಮೇಲೆ ಲೆಕ್ಕ ಇಡಿ. ಒಂದೇ ವರ್ಷ ನೋಡಿ ತೀರ್ಪು ಕೊಡಬೇಡಿ. ಅಪಘಾತ ವಿಪರೀತ ಹೆಚ್ಚಾದ ವರ್ಷದ ಮರುವರ್ಷ ಏನೂ ಮಾಡದಿದ್ದರೂ ಸಾಮಾನ್ಯವಾಗಿ ತಾನೇ ಇಳಿಯುತ್ತದೆ, ಆ ಪುಣ್ಯವನ್ನು ಯಾವುದೋ ಬೋರ್ಡು ಕಟ್ಟಿಕೊಳ್ಳುತ್ತದೆ. ಹಿಂದಿನ ಮೂರು ವರ್ಷ, ಮುಂದಿನ ಮೂರು ವರ್ಷ ಹೋಲಿಸಿ. ಅಷ್ಟು ಕಾಯಲಾಗದಿದ್ದರೆ ವೇಗ ಅಳೆಯಿರಿ, ಅದು ವಾರದಲ್ಲೇ ಉತ್ತರ ಹೇಳುತ್ತದೆ.

ಇನ್ನು ಕನ್ನಡಿ. ಉಬ್ಬುಗನ್ನಡಿಯಲ್ಲಿ ಎದುರಿನ ಲಾರಿ ಚಿಕ್ಕದಾಗಿ, ಇರುವುದಕ್ಕಿಂತ ದೂರದಲ್ಲಿರುವ ಹಾಗೆ ಕಾಣುತ್ತದೆ, ವೇಗದ ಅಂದಾಜೇ ಸಿಗುವುದಿಲ್ಲ. ಮಂಜು, ಮಳೆಯಲ್ಲಿ ಮಸುಕು, ರಾತ್ರಿ ಹೆಡ್‌ಲೈಟಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ. ತಿರುವಿನಲ್ಲಿ ಸೇರುವ ಹೊಲದ ದಾರಿಯಿಂದ ಟ್ರ್ಯಾಕ್ಟರ್ ನಿಲ್ಲಿಸಿ ನೋಡಿ ಹೊರಡುವವನಿಗೆ ಅದರಿಂದ ಸ್ವಲ್ಪ ಉಪಯೋಗವಿದೆ. ಹೆದ್ದಾರಿಯಲ್ಲಿ ಓಡುತ್ತಿರುವವನಿಗೆ ಇಲ್ಲ. ಅಂಥ ದಾರಿ ನಿಮ್ಮ ತಿರುವಿನಲ್ಲಿದ್ದರೆ ಕನ್ನಡಿಗಿಂತ ಮುಂಚೆ ಆ ದಾರಿ ಸೇರುವ ಜಾಗವನ್ನು ನೇರ ರಸ್ತೆಯ ಕಡೆಗೆ ಸರಿಸಲಾಗುತ್ತದೆಯೇ ಎಂದು ಕೇಳಿ. ಸಾಧ್ಯವಿಲ್ಲ ಎಂದರೆ ಅದರ ಕೊನೆಯ ಹದಿನೈದು ಇಪ್ಪತ್ತು ಮೀಟರಿಗಾದರೂ ಡಾಂಬರು ಹಾಕಿಸಿ. ಟ್ರ್ಯಾಕ್ಟರಿನ ಚಕ್ರ ಹೊತ್ತು ತರುವ ಕೆಸರು ತಿರುವಿನ ಮಧ್ಯದಲ್ಲಿ ಉದುರುವುದು ಅದರಿಂದ ಬಹುಮಟ್ಟಿಗೆ ನಿಲ್ಲುತ್ತದೆ.